ಕಂಡವನ ಹೊಣೆ

ಬುಡವು ಟೊಳ್ಳಾದ ಮರವೊಂದು ದಾರಿಯ ಮೇಲೆ ಬಾಗಿರುವದನ್ನು ಒಬ್ಬನು ದಿನವೂ ಕಾಣುತ್ತಾನೆ. ಆದರೆ ಮರವು ನೆರೆಯವನದು. ಅಧಿಕಾರಿಗಳಿಗೆ ತಿಳಿಸಿದರೆ ಚಾಡಿಯಾದೀತೆಂದು ಸುಮ್ಮನಿರುತ್ತಾನೆ. ಈ ಮೌನವು ನ್ಯಾಯವೋ?

ಚಾಡಿಯೆಂಬದು ಒಬ್ಬನನ್ನು ಕೆಡಿಸುವದಕ್ಕಾಗಿ ಗುಟ್ಟಿನಲ್ಲಿ ಆಡುವ ಮಾತು. ಅರ್ಜಿಯಾದರೋ ದಾರಿಹೋಕರ ಪ್ರಾಣಕ್ಕಾಗಿ ಹೆಸರು ಹಾಕಿ ಬಹಿರಂಗವಾಗಿ ಕೊಡುವ ಸಾಕ್ಷಿ. ಆದಕಾರಣ ಮೊದಲು ಮರದ ಒಡೆಯನಿಗೇ ಹೇಳತಕ್ಕದ್ದು. ಆತನು ಕೇಳದಿದ್ದರೆ ಸ್ಥಳವನ್ನೂ ಅಪಾಯವನ್ನೂ ಸ್ಪಷ್ಟವಾಗಿ ಬರೆದು ಗ್ರಾಮ ಪಂಚಾಯತಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಪಡೆಯತಕ್ಕದ್ದು. ಹಳೆಯ ಹಗೆಯನ್ನು ಅದರಲ್ಲಿ ಬೆರಸಬಾರದು.

ಕಾಯಿದೆಯೂ ಈ ಭೇದವನ್ನು ಕಾಯುತ್ತದೆ. ಬಿದ್ದು ಜನರಿಗೆ ಗಾಯಮಾಡಬಹುದಾದ ಮರವನ್ನು ತೆಗೆಯಬೇಕೆಂದಾಗಲಿ ಅದಕ್ಕೆ ಆಧಾರ ಕೊಡಬೇಕೆಂದಾಗಲಿ ಆಜ್ಞಾಪಿಸುವ ಅಧಿಕಾರವು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಉಂಟು. 1973ರ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿದ್ದ ಈ ಮಾತು 2024ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ಪೊಲೀಸರ ವರದಿಯೇ ಬೇಕೆಂದಿಲ್ಲ, ಬೇರೆ ಮಾಹಿತಿಯೂ ಸಾಕು. ಒಡೆಯನಿಗೆ ಆಕ್ಷೇಪವಿದ್ದರೆ ಎದುರು ನಿಂತು ಕಾರಣ ತೋರಿಸಬಹುದು. ಚಾಡಿಗೆ ಗುರಿಯಾದವನಿಗೆ ಅಂಥ ಅವಕಾಶವೆಲ್ಲಿ?

ಅಧಿಕಾರಿಯು, ತಾನು ಕಾಣಲಿಲ್ಲವೆಂದು ಹೇಳಾನು. ದಿನವೂ ಕಂಡವನು ಏನೆಂದು ಹೇಳುವನು?