ಓಟವೂ ಕಾಣಿಕೆಯೂ ಹೊಸ ವರುಷದ ಸಂಕಲ್ಪವೂ

ಹೊಸ ವರುಷವು ಹುಟ್ಟುವ ರಾತ್ರಿ ನಮ್ಮ ಸಭೆಗಳವರು ದೇವಾಲಯದಲ್ಲಿ ಕೂಡಿ, ಕಳೆದ ವರುಷಕ್ಕಾಗಿ ಸ್ತೋತ್ರ ಸಲ್ಲಿಸಿ, ಬರುವ ವರುಷಕ್ಕಾಗಿ ಒಂದೊಂದು ಸಂಕಲ್ಪವನ್ನು ಮಾಡಿಕೊಂಡು ಮನೆಗೆ ಹೋಗುವದು ವಾಡಿಕೆಯಾಗಿದೆ. ಈಚೆಗೆ ಇದೇ ಕಾಲದಲ್ಲಿ ಪಟ್ಟಣದಲ್ಲಿ ಉದ್ಯೋಗಕ್ಕಿರುವ ಮಕ್ಕಳಿಂದ ಹಳ್ಳಿಯ ತಂದೆತಾಯಿಗಳಿಗೆ ಹೊಸ ತರದ ಒಂದು ಸಮಾಚಾರವು ಬರುತ್ತಲಿದೆ. ಈ ವರುಷ ನಾನು ಹತ್ತು ಕಿಲೋಮೀಟರ್ ದೂರ ಓಡುವದಾಗಿ ನಿಶ್ಚಯಿಸಿದ್ದೇನೆ. ಅದರ ಸಂಗಡ ಬಡ ರೋಗಿಗಳ ಚಿಕಿತ್ಸೆಗಾಗಿ ಹಣವನ್ನೂ ಕೂಡಿಸುತ್ತೇನೆ. ನೀವೂ ಸಭೆಯವರೂ ಕೈಲಾದಷ್ಟು ಕೊಡಿರಿ, ಎಂಬದೇ ಆ ಸಮಾಚಾರ. ಹಿರಿಯರು ಇದನ್ನು ಕೇಳಿ ಬೆರಗಾಗುತ್ತಾರೆ. ಓಡುವವನು ಓಡಲಿ, ಅದಕ್ಕೆ ನಾವು ಹಣ ಕೊಡುವದೇಕೆ? ರೋಗಿಗೆ ಸಹಾಯ ಮಾಡಬೇಕಾದರೆ ಓಡದೆ ಮಾಡಲಾಗದೋ? ಧರ್ಮವನ್ನು ಗುಟ್ಟಾಗಿ ಮಾಡಬೇಕೆಂದು ಕರ್ತನು ಹೇಳಿರುವಾಗ ಊರಿಗೆಲ್ಲಾ ಸಾರಿ ಮಾಡುವದು ಸರಿಯೋ? ಈ ಪ್ರಶ್ನೆಗಳು ನಕ್ಕು ಬಿಡತಕ್ಕವುಗಳಲ್ಲ. ಇವು ಓಟದವರಿಗೆ ಮಾತ್ರವಲ್ಲ, ಸಂಕಲ್ಪ ಮಾಡುವವರಿಗೂ ಕಾಣಿಕೆ ಕೊಡುವವರಿಗೂ ಎಲ್ಲರಿಗೂ ತಗಲುವವುಗಳಾಗಿವೆ. ಆದಕಾರಣ ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲು ಈ ಪದ್ಧತಿಯು ಹೇಗಿರುವದೆಂದು ತಿಳುಕೊಳ್ಳಬೇಕು. ಮಾರಥಾನ್ ಎಂಬ ದೊಡ್ಡ ಓಟದ ದೂರವು 42 ಕಿಲೋಮೀಟರ್ 195 ಮೀಟರ್. ಲಂಡನ್ ಪಟ್ಟಣದಲ್ಲಿ ಇದು 1981ನೇ ಮಾರ್ಚ್ 29ರಂದು ಆರಂಭವಾಯಿತು; 2025ರಲ್ಲಿ ಅಲ್ಲಿ 56,000ಕ್ಕಿಂತ ಹೆಚ್ಚು ಜನರು ಓಡಿ ಮುಗಿಸಿದರು. ಇವರಲ್ಲಿ ಬಹುಮಾನಕ್ಕಾಗಿ ಓಡುವವರು ಬಹು ಕೊಂಚ. ಮಿಕ್ಕವರು ಗುಮಾಸ್ತರು, ಉಪಾಧ್ಯಾಯರು, ದಾದಿಯರು, ಅಂಗಡಿಯವರು. ಓಡಲು ಬಯಸುವವರು ಬಹಳ, ಸ್ಥಳಗಳೋ ಕಡಿಮೆ. ಆದಕಾರಣ ಧರ್ಮಸಂಸ್ಥೆಗಳು ಕೆಲವು ಸ್ಥಳಗಳನ್ನು ಹಣ ತೆತ್ತು ಪಡೆದು, ತಮಗಾಗಿ ಇಂತಿಷ್ಟು ಹಣ ಕೂಡಿಸುತ್ತೇವೆಂದು ಮಾತು ಕೊಡುವವರಿಗೆ ಅವುಗಳನ್ನು ಕೊಡುತ್ತವೆ. ಹೀಗೆ ಆ ಒಂದು ಓಟದ ಮೂಲಕ ಇಷ್ಟು ವರುಷಗಳಲ್ಲಿ ನೂರು ಕೋಟಿ ಪೌಂಡಿಗಿಂತ ಹೆಚ್ಚು ಹಣವು ಧರ್ಮಕಾರ್ಯಗಳಿಗೆ ಕೂಡಿದೆ. ನಮ್ಮ ದೇಶದಲ್ಲಿಯೂ ಮುಂಬಯಿಯಲ್ಲಿ 2004ರಿಂದ ಮಾರಥಾನ್ ಓಟವೂ ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರ್ ಓಟವೂ ಇದೇ ರೀತಿ ಧರ್ಮಸಂಸ್ಥೆಗಳಿಗಾಗಿ ಹಣ ಕೂಡಿಸುತ್ತಾ ನಡೆದು ಬಂದಿವೆ.

ಈಗ ಮೊದಲನೆಯ ಸಂದೇಹ. ದೇಹವನ್ನು ದಣಿಸುವದರಿಂದ ಪುಣ್ಯ ಬರುವದೋ? ನಮ್ಮ ಹಿರಿಯರಲ್ಲಿ ಅನೇಕರು ಸುವಾರ್ತೆಯನ್ನು ಕೇಳುವದಕ್ಕೆ ಮುಂಚೆ ಹರಕೆ ಹೊತ್ತು ದೀಡು ನಮಸ್ಕಾರ ಹಾಕಿದವರು, ಬರಿಗಾಲಿನಲ್ಲಿ ಬಹು ದೂರ ನಡೆದವರು. ಅವರ ಭಕ್ತಿಯನ್ನು ನಾವು ಹಳಿಯುವದಿಲ್ಲ. ಆದರೆ ಮೈಯ ನೋವು ದೇವರಿಗೆ ತೆರುವ ಬೆಲೆಯಲ್ಲವೆಂದೂ ರಕ್ಷಣೆಯು ಕೃಪೆಯಿಂದಲೇ ಎಂದೂ ನಾವು ಕಲಿತವರು. ಹಾಗಾದರೆ ಈ ಓಟವು ಹಳೆಯ ಹರಕೆಯೇ ಬೇರೆ ಬಟ್ಟೆ ತೊಟ್ಟು ಬಂದಂತೆ ಅಲ್ಲವೋ? ಓಡುವವನು ತನ್ನ ದಣಿವಿನಿಂದ ದೇವರ ಮುಂದೆಯಾಗಲಿ ಜನರ ಮುಂದೆಯಾಗಲಿ ಪುಣ್ಯವನ್ನು ಸಂಪಾದಿಸಿದೆನೆಂದು ತಿಳಿದರೆ ಹೌದು, ಅದೇ. ಅವನು ಬೆವರು ಸುರಿಸಿದ ಮಾತ್ರಕ್ಕೆ ಯಾವ ರೋಗಿಯ ಜ್ವರವೂ ಇಳಿಯುವದಿಲ್ಲ. ಜ್ವರವನ್ನು ಇಳಿಸುವದು ಔಷಧ; ಔಷಧವನ್ನು ತರುವದು ಹಣ; ಹಣವನ್ನು ಕೊಡುವದು ನೆರೆಯವನ ಕರುಣೆ. ದಣಿವು ಇವುಗಳಲ್ಲಿ ಒಂದೂ ಅಲ್ಲ. ಅದು ಬೆಲೆಯಲ್ಲ, ಸಾಕ್ಷಿ. ನಾನು ಬಾಯಿಮಾತಿಗೆ ಕೇಳುತ್ತಿಲ್ಲ, ನಾಲ್ಕು ತಿಂಗಳು ಬೆಳಗಿನ ನಿದ್ರೆಯನ್ನು ಬಿಟ್ಟು ಈ ಕೆಲಸಕ್ಕೆ ಕೈ ಹಾಕಿದ್ದೇನೆ, ಎಂದು ಅದು ನೆರೆಯವರಿಗೆ ತಿಳಿಸುತ್ತದೆ. ದಿನವೆಲ್ಲಾ ಹೊಲದಲ್ಲಿ ಬೆನ್ನು ಬಗ್ಗಿಸುವ ನಮ್ಮವರಿಗೆ ಇದು ಹೊಟ್ಟೆ ತುಂಬಿದವರ ಆಟವೆಂದು ತೋರಬಹುದು. ಆದರೂ ಕುರ್ಚಿಯಲ್ಲಿ ಕೂತು ದುಡಿಯುವವನ ಮೈಗೆ ಓಟವು ಹಿತವೇ. ದೇಹಸಾಧನೆಯು ಸ್ವಲ್ಪ ಮಟ್ಟಿಗೆ ಪ್ರಯೋಜನಕರವೆಂದು ಅಪೊಸ್ತಲನೂ ತಿಮೊಥೆಗೆ ಒಪ್ಪಿ ಬರೆದಿದ್ದಾನೆ. ಆ ಸ್ವಲ್ಪವನ್ನು ಸ್ವಲ್ಪವೆಂದೇ ಎಣಿಸಿದರೆ ದೋಷವಿಲ್ಲ.

ಎರಡನೆಯ ಸಂದೇಹವು ಇನ್ನೂ ಆಳವಾದದ್ದು. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಕರ್ತನು ಧರ್ಮ ಕೊಡುವಾಗ ತುತೂರಿ ಊದಿಸಬಾರದೆಂದೂ, ಬಲಗೈ ಮಾಡುವದು ಎಡಗೈಗೂ ತಿಳಿಯಬಾರದೆಂದೂ ಕಲಿಸಿದ್ದಾನೆ. ಓಡುವವನೋ ಗುರುತಿನವರಿಗೆಲ್ಲಾ ಸಾರುತ್ತಾನೆ. ಇದು ತುತೂರಿಯಲ್ಲವೋ? ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಕರ್ತನು ಆ ಮಾತನ್ನು ಹೇಳಿದ್ದು ಕೊಡುವವನಿಗೆ, ಬಡವರಿಗಾಗಿ ಕೇಳುವವನಿಗಲ್ಲ. ಕೊಡುವವನು ಗುಟ್ಟಾಗಿ ಕೊಡಬಹುದು. ಕೇಳುವವನು ಗುಟ್ಟಾಗಿ ಕೇಳುವದು ಹೇಗೆ? ಬಾಯಿ ತೆರೆಯದ ರೋಗಿಗಾಗಿ ಬಾಯಿ ತೆರೆಯುವವನು ಬೇಕು. ಆದರೆ ಅದೇ ಓಟಗಾರನು ತನ್ನ ಕೈಯಿಂದ ಎಷ್ಟು ಹಾಕಿದನೆಂಬದು ಅವನಿಗೂ ದೇವರಿಗೂ ಮಾತ್ರ ತಿಳಿದಿರಲಿ. ಅಲ್ಲಿ ಎಡಗೈಗೆ ಕೆಲಸವಿಲ್ಲ.

ಪ್ರಿಯರೇ, ಓಟದವರನ್ನು ವಿಚಾರಿಸುವಾಗ ನಮ್ಮನ್ನೂ ವಿಚಾರಿಸಿಕೊಳ್ಳೋಣ. ನಮ್ಮ ಸಭೆಗಳಲ್ಲಿ ಬೆಳೆಯ ಹಬ್ಬದ ದಿವಸ ಮೊದಲನೆಯ ಕುಂಬಳಕಾಯಿಯನ್ನು ಹರಾಜು ಹಾಕುವಾಗ ನಾಲ್ಕು ಕಾಸಿನ ಕಾಯಿಗೆ ನಾನೂರು ಕೂಗಿ, ಸುತ್ತಲೂ ನೋಡುವವರು ಇಲ್ಲವೋ? ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಓದುವಾಗ ತಮ್ಮ ಹೆಸರು ತಪ್ಪಿತೆಂದು ಮುನಿದು ಮುಂದಿನ ಭಾನುವಾರ ಆರಾಧನೆಗೆ ಬಾರದವರು ಇಲ್ಲವೋ? ತುತೂರಿಯು ಲಂಡನಿನಲ್ಲಿ ಮಾತ್ರ ಮಾಡಲ್ಪಡುವ ವಾದ್ಯವಲ್ಲ. ದೇವಾಲಯದ ಬೊಕ್ಕಸದಲ್ಲಿ ಎರಡು ಕಾಸು ಹಾಕಿದ ವಿಧವೆಯ ಹೆಸರು ನಮಗೆ ಈ ದಿನದ ವರೆಗೂ ತಿಳಿಯದು. ಅವಳ ಕಾಣಿಕೆಯನ್ನು ಮಾತ್ರ ಕರ್ತನು ಕಂಡನು.

ಇನ್ನು ಸಂಕಲ್ಪದ ವಿಷಯಕ್ಕೆ ಬರೋಣ. ಓಟದ ದೃಷ್ಟಾಂತವನ್ನು ಅಪೊಸ್ತಲನಾದ ಪೌಲನು ಯಾವ ಸಭೆಗೆ ಬರೆದನು? ಕೊರಿಂಥದ ಸಭೆಗೆ. ಆ ಪಟ್ಟಣದ ಹತ್ತಿರ ಎರಡು ವರುಷಕ್ಕೊಮ್ಮೆ ದೊಡ್ಡ ಆಟಗಳು ನಡೆಯುತ್ತಿದ್ದವು. ಗೆದ್ದವನಿಗೆ ಬಾಡಿಹೋಗುವ ಎಲೆಗಳ ಕಿರೀಟವನ್ನು ತೊಡಿಸುತ್ತಿದ್ದರು. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸಬೇಕೆಂದು ಪೌಲನು ಬಹು ವಿಸ್ತಾರವಾಗಿ ಬರೆದದ್ದು ಯಾವ ಸಭೆಗೆ? ಅದೇ ಕೊರಿಂಥಕ್ಕೆ. ಮೊದಲನೆಯ ಪತ್ರಿಕೆಯ ಒಂಭತ್ತನೆಯ ಅಧ್ಯಾಯದಲ್ಲಿ ಓಟ, ಹದಿನಾರನೆಯದರಲ್ಲಿ ಕಾಣಿಕೆ. ವಾರದ ಮೊದಲನೆಯ ದಿನದಲ್ಲಿ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಷ್ಟು ತೆಗೆದಿಡಬೇಕೆಂದು ಅವನು ಅಪ್ಪಣೆ ಕೊಟ್ಟನು. ಅವರು ಸಂತೋಷದಿಂದ ಒಪ್ಪಿಕೊಂಡರು. ಆ ಮೇಲೆ ಏನಾಯಿತು? ನಮ್ಮಲ್ಲಿ ಆಗುವದೇ ಆಯಿತು; ಕೆಲಸವು ಅರ್ಧಕ್ಕೆ ನಿಂತಿತು. ಎರಡನೆಯ ಪತ್ರಿಕೆಯ ಎಂಟನೆಯ ಅಧ್ಯಾಯದಲ್ಲಿ ಅವನು, ಹೋದ ವರುಷ ಮನಸ್ಸು ಮಾಡಿದವರು ನೀವೇ ಮೊದಲಿಗರು, ಈಗ ಅದನ್ನು ಮುಗಿಸಿರಿ, ಎಂಬ ಭಾವದಿಂದ ಅವರನ್ನು ಎಚ್ಚರಿಸುತ್ತಾನೆ. ಹೊಸ ವರುಷದ ಸಂಕಲ್ಪವನ್ನು ಕುರಿತು ಇದಕ್ಕಿಂತ ನೇರವಾದ ಉಪದೇಶವು ಎಲ್ಲಿ ಉಂಟು? ಬಡತನದಲ್ಲಿದ್ದ ಮಕೆದೋನ್ಯದವರಿಗೆ ಅವರ ಹೆಸರನ್ನೇ ಹೇಳಿ ಹುರಿದುಂಬಿಸಿದ್ದೆನೆಂದೂ, ಈಗ ಅವರು ಸಿದ್ಧರಾಗಿರದಿದ್ದರೆ ನಾಚಿಕೆಯಾಗುವದೆಂದೂ ಮುಂದೆ ಬರೆದಿದ್ದಾನೆ. ಅವರು ಮುಗಿಸಿದರೋ? ಮಕೆದೋನ್ಯದವರೂ ಅಖಾಯದವರೂ ಸಂತೋಷವಾಗಿ ಕೊಟ್ಟರೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಕಾಣುತ್ತೇವೆ. ಕೊರಿಂಥವು ಅಖಾಯಕ್ಕೆ ಸೇರಿದ್ದೇ.

ಇದರಿಂದ ಸಂಕಲ್ಪಗಳು ಯಾಕೆ ಸಾಯುತ್ತವೆಂಬದು ತಿಳಿಯುತ್ತದೆ. ತನ್ನೊಬ್ಬನಿಗಾಗಿ ಮಾಡಿದ ಸಂಕಲ್ಪಕ್ಕೆ ತಾನೊಬ್ಬನೇ ಸಾಹುಕಾರ, ತಾನೊಬ್ಬನೇ ಸಾಲಗಾರ. ಸಾಲವನ್ನು ಬಿಟ್ಟುಕೊಡುವದು ಬಹು ಸುಲಭ. ಜನವರಿಯಲ್ಲಿ ಓಡಲು ತೊಡಗಿದವನು ಫೆಬ್ರವರಿಯ ಚಳಿಯಲ್ಲಿ ಕಂಬಳಿಯನ್ನು ಎಳಕೊಂಡರೆ ಕೇಳುವವರು ಯಾರು? ಆದರೆ ಪರರ ಅಗತ್ಯಕ್ಕೆ ಕಟ್ಟಿದ ಸಂಕಲ್ಪಕ್ಕೆ ಇನ್ನೊಬ್ಬನು ಒಡೆಯನಾಗುತ್ತಾನೆ. ಮಾರಥಾನ್ ಓಟದಲ್ಲಿ ಸುಮಾರು 30 ಕಿಲೋಮೀಟರ್ ದಾಟಿದ ಮೇಲೆ ಸ್ನಾಯುಗಳಲ್ಲಿಯೂ ಪಿತ್ತಜನಕಾಂಗದಲ್ಲಿಯೂ ಕೂಡಿಟ್ಟ ಸಕ್ಕರೆಯ ಸತ್ವವು ತೀರುತ್ತಾ ಬಂದು, ಕಾಲುಗಳು ಕಲ್ಲಿನಂತಾಗುವವು. ಅನೇಕರು ತಮ್ಮ ಅಂಗಿಯ ಬೆನ್ನ ಮೇಲೆ ತೀರಿಹೋದ ತಾಯಿಯ ಇಲ್ಲವೆ ಮಗುವಿನ ಹೆಸರನ್ನು ಬರೆದುಕೊಂಡು ಓಡುತ್ತಾರೆ. ಕಾಲು ಸೋತಾಗ ಆ ಹೆಸರು ಅವರನ್ನು ನಡಿಸುತ್ತದೆ.

ಆದರೆ ಇಲ್ಲಿಯೇ ಒಂದು ಗುಪ್ತವಾದ ಅಪಾಯವೂ ಉಂಟು. ಓಡುವವನು ರೋಗಿಗಾಗಿ ಓಡುತ್ತಾನೋ, ಇಲ್ಲವೆ ರೋಗಿಯು ಓಡುವವನ ಸಂಕಲ್ಪಕ್ಕೆ ಊರುಗೋಲಾಗಿದ್ದಾನೋ? ಹೊರಗಿನಿಂದ ನೋಡಿದರೆ ಎರಡೂ ಒಂದೇ. ಎರಡು ಗುರಿಗಳು ಒಂದನ್ನೊಂದು ಬಿಟ್ಟು ಹೋಗುವ ದಿವಸದಲ್ಲಿ ಮಾತ್ರ ಸತ್ಯವು ತೋರುವದು. ಇದಕ್ಕೆ ಕೆನಡಾ ದೇಶದ ಟೆರಿ ಫಾಕ್ಸ್ ಎಂಬ ಯೌವನಸ್ಥನ ಚರಿತ್ರೆಯೇ ದೃಷ್ಟಾಂತ. ಅವನಿಗೆ ಹದಿನೆಂಟು ವರುಷವಾಗಿದ್ದಾಗ, 1977ರಲ್ಲಿ, ಎಲುಬಿನ ಕ್ಯಾನ್ಸರ್ ರೋಗದಿಂದ ಬಲಗಾಲನ್ನು ಮೊಣಕಾಲಿನ ಮೇಲೆ ಕತ್ತರಿಸಬೇಕಾಯಿತು. ಆಸ್ಪತ್ರೆಯಲ್ಲಿ ತನ್ನ ಸುತ್ತಲೂ ನರಳುತ್ತಿದ್ದ ಮಕ್ಕಳನ್ನು ಅವನು ಮರೆಯಲಾರದೆ, ಕೃತಕ ಕಾಲಿನಿಂದ ದೇಶದ ಮೂಡಣ ಸಮುದ್ರದಿಂದ ಪಡುವಣ ಸಮುದ್ರದ ವರೆಗೆ ಓಡಿ, ಆ ರೋಗದ ಸಂಶೋಧನೆಗಾಗಿ ಹಣ ಕೂಡಿಸುವೆನೆಂದು ಸಂಕಲ್ಪಿಸಿದನು. 1980ನೇ ಏಪ್ರಿಲ್ 12ರಂದು ಹೊರಟು, ದಿನಕ್ಕೆ ಹೆಚ್ಚುಕಡಿಮೆ ಒಂದು ಮಾರಥಾನಿನಷ್ಟು ದೂರ ಓಡುತ್ತಾ ಬಂದನು. ಮೊದಲು ಗಮನಿಸಿದವರು ಕಡಿಮೆ. ಆದರೆ ಸುಮಾರು ಹತ್ತು ಸಾವಿರ ಜನರಿದ್ದ ಪೋರ್ಟ್ ಓ ಬಾಸ್ಕ್ ಎಂಬ ಚಿಕ್ಕ ಊರು ಹತ್ತು ಸಾವಿರ ಡಾಲರ್ ಕೂಡಿಸಿ ಕೊಟ್ಟಿತು. ಆಗ, ದೇಶದಲ್ಲಿರುವ ಪ್ರತಿಯೊಬ್ಬನೂ ಒಂದು ಡಾಲರ್ ಕೊಡಲಿ ಎಂಬದೇ ಅವನ ಆಶೆಯಾಯಿತು. ಅಂದಿನ ಜನಸಂಖ್ಯೆ 2 ಕೋಟಿ 40 ಲಕ್ಷ.

143 ದಿವಸಗಳಲ್ಲಿ 5,373 ಕಿಲೋಮೀಟರ್ ಓಡಿದ ಮೇಲೆ, ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಪಟ್ಟಣದ ಹತ್ತಿರ ಎದೆನೋವಿನಿಂದ ಅವನು ನಿಂತನು. ರೋಗವು ಶ್ವಾಸಕೋಶಗಳಿಗೆ ಹರಡಿತ್ತು. ಪಡುವಣ ಸಮುದ್ರವನ್ನು ಅವನು ಓಡಿ ಮುಟ್ಟಲೇ ಇಲ್ಲ. ಓಟವೇ ಅವನ ಗುರಿಯಾಗಿದ್ದರೆ ಅದು ಅಲ್ಲಿಯೇ ಸತ್ತಿತು ಎನ್ನಬೇಕು. ಆದರೆ ಅವನು ಹಾಸಿಗೆ ಹಿಡಿದ ಮೇಲೆಯೂ ಕಾಣಿಕೆ ನಿಲ್ಲಲಿಲ್ಲ. 1981ನೇ ಫೆಬ್ರವರಿಯಲ್ಲಿ ಮೊತ್ತವು 2 ಕೋಟಿ 40 ಲಕ್ಷ ಡಾಲರನ್ನು ದಾಟಿತು. ತಲೆಗೆ ಒಂದು ಡಾಲರಿನಂತೆ ಅವನು ಬೇಡಿದ್ದು ದೊರಕಿತು. ಅದೇ ವರುಷ ಜೂನ್ 28ರಂದು, ಇಪ್ಪತ್ತೆರಡು ವರುಷದವನಾಗಿ, ಅವನು ತೀರಿಹೋದನು. ಅಂದಿನಿಂದ ವರುಷ ವರುಷವೂ ಅವನ ಹೆಸರಿನಲ್ಲಿ ನಡೆಯುವ ಓಟಗಳಿಂದ 80 ಕೋಟಿ ಡಾಲರಿಗಿಂತ ಹೆಚ್ಚು ಹಣವು ಕೂಡಿದೆ. ಆ ಓಟಗಳಲ್ಲಿ ಗೆಲ್ಲುವವನೂ ಇಲ್ಲ, ಸೋಲುವವನೂ ಇಲ್ಲ. ಅವನ ಸ್ವಂತ ಗುರಿ ಮಣ್ಣಾಯಿತು. ಪರರಿಗಾಗಿ ಇಟ್ಟ ಗುರಿ ನೆರವೇರಿತು. ಯಾವದು ಅವನಿಗೆ ದೊಡ್ಡದಾಗಿತ್ತೆಂದು ಕೇಳಬೇಕಾಗಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಹಣವು ಎಲ್ಲಿಗೆ ಹೋಗುತ್ತದೆಂದು ಕೇಳುವದು ಅಪನಂಬಿಕೆಯಲ್ಲ. 2020ರಲ್ಲಿ ಇಂಗ್ಲೆಂಡಿನ ಟಾಮ್ ಮೂರ್ ಎಂಬ ತೊಂಭತ್ತೊಂಭತ್ತು ವರುಷದ ಮುದುಕನು ನಡಿಗೆಯ ಚೌಕಟ್ಟನ್ನು ಹಿಡುಕೊಂಡು ತನ್ನ ತೋಟದಲ್ಲಿ ನೂರು ಸುತ್ತು ನಡೆದು, ಆಸ್ಪತ್ರೆಗಳ ಸಹಾಯಕ್ಕಾಗಿ 3 ಕೋಟಿ ಪೌಂಡಿಗಿಂತ ಹೆಚ್ಚು ಕೂಡಿಸಿದನು. ಆ ಹಣದ ಮೇಲೆ ದೋಷ ಬರಲಿಲ್ಲ. ಆದರೆ ಆಮೇಲೆ ಅವನ ಹೆಸರಿನಲ್ಲಿ ಸ್ಥಾಪಿತವಾದ ಸಂಸ್ಥೆಯಲ್ಲಿ ಧರ್ಮದ ಹಿತವೂ ಸ್ವಂತ ಲಾಭವೂ ಬೆರೆತುಹೋದವೆಂದು ಸರಕಾರದ ಮೇಲ್ವಿಚಾರಕ ಮಂಡಳಿಯು 2024ರಲ್ಲಿ ತೀರ್ಮಾನಿಸಿತು. ಪೌಲನು ಇದನ್ನು ಮೊದಲೇ ಬಲ್ಲವನಾಗಿ, ಸಭೆಗಳ ಕಾಣಿಕೆಯನ್ನು ತಾನೊಬ್ಬನೇ ಹೊರದೆ, ಸಭೆಗಳು ಆರಿಸಿದ ಸಹೋದರರನ್ನು ಸಂಗಡ ಕರಕೊಂಡನು. ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಲೆಕ್ಕ ಸರಿಯಾಗಿರಬೇಕೆಂಬದೇ ಅವನ ಅಭಿಪ್ರಾಯ. ನಮ್ಮ ಸಭೆಯ ಕಾಣಿಕೆಪೆಟ್ಟಿಗೆಯನ್ನೂ ಇಬ್ಬರು ಕೂಡಿ ತೆರೆಯುವದು ಈ ಕಾರಣದಿಂದಲೇ.

ಹಾಗಾದರೆ ಪಟ್ಟಣದ ಮಗನಿಗೆ ಏನು ಉತ್ತರ ಕೊಡೋಣ? ಮಗನೇ, ಓಡು, ನಿನ್ನ ಮೈಗೂ ಹಿತವಾಗಲಿ. ಕೇಳಲು ನಾಚಬೇಡ, ಕೂಡಿಸಿದ್ದಕ್ಕೆ ಲೆಕ್ಕ ಕೊಡು, ನೀನು ಹಾಕಿದ್ದನ್ನು ಮುಚ್ಚಿಡು. ಒಂದು ವೇಳೆ ನಿನ್ನ ಕಾಲು ಉಳುಕಿ ಓಡಲಾರದೆ ಹೋದರೆ, ಕೂಡಿಸುವದನ್ನು ಬಿಡಬೇಡ. ನೀನು ಯಾರಿಗಾಗಿ ಓಡಿದಿಯೆಂದು ಆಗ ನಿನಗೇ ತಿಳಿಯುವದು. ಹೀಗೆ ಹೇಳಿ, ನಮ್ಮ ಕೈಲಾದದ್ದನ್ನು ಅವನ ಕೈಗೆ ಹಾಕೋಣ.

ನಮಗೂ ಓಟ ಉಂಟು. ಅಡಿಗೆಗೆ ಅಕ್ಕಿ ಅಳೆಯುವಾಗಲೆಲ್ಲಾ ಒಂದು ಹಿಡಿಯನ್ನು ದೇವರ ಕೆಲಸಕ್ಕೆಂದು ಬೇರೆ ಮಡಿಕೆಯಲ್ಲಿ ಹಾಕುವ ತಾಯಂದಿರು ನಮ್ಮ ಸಭೆಗಳಲ್ಲಿದ್ದಾರೆ. ಮಿಜೋರಾಮ್ ಸೀಮೆಯ ಕ್ರೈಸ್ತ ಸ್ತ್ರೀಯರು ಇದನ್ನು ನೂರು ವರುಷಗಳಿಗಿಂತ ಹೆಚ್ಚು ಕಾಲದಿಂದ ಬಿಡದೆ ನಡಿಸುತ್ತಾ ಬಂದಿದ್ದಾರೆ. ದಿನಕ್ಕೆ ಎರಡು ಹಿಡಿಯಾದರೆ ವರುಷಕ್ಕೆ ಏಳುನೂರ ಮೂವತ್ತು ಹಿಡಿ. ಯಾರೂ ಚಪ್ಪಾಳೆ ಹೊಡೆಯದ, ಯಾರ ಎದೆಯ ಮೇಲೂ ಪದಕ ತೂಗದ ಓಟವಿದು. ಆದರೂ ಇದಕ್ಕೆ ಮಾರಥಾನಿಗೆ ಬೇಕಾದ ತಾಳ್ಮೆಯೇ ಬೇಕು. ವಾಚಕರೇ, ಈ ಹೊಸ ವರುಷದಲ್ಲಿ ಹತ್ತು ಸಂಕಲ್ಪಗಳನ್ನು ಮಾಡಿ ಹತ್ತನ್ನೂ ಮುರಿಯುವದಕ್ಕಿಂತ ಒಂದನ್ನೇ ಮಾಡಿರಿ. ಅದನ್ನು ಒಬ್ಬ ವಿಧವೆಯ, ಒಬ್ಬ ರೋಗಿಯ, ಶಾಲೆಯ ಶುಲ್ಕ ತೆರಲಾರದ ಒಂದು ಮಗುವಿನ ಅಗತ್ಯಕ್ಕೆ ಗಂಟು ಹಾಕಿರಿ. ಇರುವದಕ್ಕೆ ತಕ್ಕಂತೆ ಕೊಡುವವನ ಸಿದ್ಧ ಮನಸ್ಸನ್ನು ದೇವರು ಅಂಗೀಕರಿಸುತ್ತಾನೆ, ಇಲ್ಲದ್ದನ್ನು ಕೇಳುವದಿಲ್ಲ. ಹೋದ ವರುಷ ಮನಸ್ಸು ಮಾಡಿ ಅರ್ಧಕ್ಕೆ ಬಿಟ್ಟದ್ದು ಏನಾದರೂ ಇದ್ದರೆ, ಹೊಸದನ್ನು ಹುಡುಕುವದಕ್ಕೆ ಮುಂಚೆ ಅದನ್ನೇ ಮುಗಿಸಿರಿ.