ಬರಿಗೈಯ ಘಳಿಗೆ

ಅಮೇರಿಕದ ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಬಿಳಿಬಾಲದ ಜಿಂಕೆಯನ್ನು ಬಂದೂಕಿನಿಂದ ಬೇಟೆಯಾಡುವ ಮುಖ್ಯ ಕಾಲವು ನವೆಂಬರ್ ತಿಂಗಳ ಕಡೇಭಾಗದಲ್ಲಿ 9 ದಿನ ಮಾತ್ರ. ಬೇಟೆಗಾರನು ಬೆಳಗಾಗುವದಕ್ಕೆ ಮುಂಚೆಯೇ ಮರವನ್ನೇರಿ ಚಳಿಯಲ್ಲಿ ಸದ್ದಿಲ್ಲದೆ ಕಾದಿರುವನು. ಗಾಳಿ ತಿರುಗಿ ಅವನ ವಾಸನೆ ತಾಕಿದರೆ ಜಿಂಕೆಯು ಬಿಳೀ ಬಾಲವನ್ನೆತ್ತಿ ಓಡಿಹೋಗುವದು. ಹೀಗೆ ದಿನಗಳೆಲ್ಲಾ ಕಳೆದು ಬರಿಗೈಯಲ್ಲಿ ಮನೆಗೆ ತಿರುಗುವವರು ಅನೇಕರು.

ಕಡೇ ದಿನದ ಸಂಜೆಯಲ್ಲಿ ಅವರಿಗೆ ಶೋಧನೆ ಬರುವದು. ನೇಮಿಸಿದ ಹೊತ್ತು ಮೀರಿದ ಮೇಲೆ ಗುಂಡು ಹಾರಿಸಿದರೆ ಕತ್ತಲಲ್ಲಿ ನೋಡುವವರು ಯಾರು? ಪೂರ್ವದಲ್ಲಿ ಜನರು ಮಿತಿಯಿಲ್ಲದೆ ಕೊಂದು ಮಾಂಸವನ್ನು ಮಾರಿದ್ದರಿಂದ 1900ರ ಹೊತ್ತಿಗೆ ಈ ಜಿಂಕೆಗಳು ಅನೇಕ ಸೀಮೆಗಳಲ್ಲಿ ಬಹು ಕಡಿಮೆಯಾಗಿದ್ದವು. ಜನರು ಕಟ್ಟಳೆಗಳನ್ನು ಕೈಕೊಂಡ ಮೇಲೆ ತಿರಿಗಿ ಹೆಚ್ಚಿದವು. ಆಶೆಯನ್ನು ಅಡಗಿಸಿ ಬರಿಗೈಯಲ್ಲಿ ಹೋದವನಿಂದಲೂ ಆ ಹೆಚ್ಚಳವಾಯಿತು.

ಬೇಟೆಗಾರನಾದ ಏಸಾವನೋ ಅಡವಿಯಿಂದ ಬಳಲಿ ಬಂದ ಘಳಿಗೆಯಲ್ಲಿ ಒಂದೇ ಊಟಕ್ಕಾಗಿ ತನ್ನ ಚೊಚ್ಚಲತನದ ಹಕ್ಕನ್ನು ಮಾರಿಬಿಟ್ಟನು. ನಮಗೂ ಅಂಥ ಘಳಿಗೆ ಬರುವದಲ್ಲವೇ? ಮಳೆ ತಪ್ಪಿ ಪೈರು ಒಣಗಿ, ಸಾಲ ಕೊಟ್ಟವನು ಬಾಗಲಲ್ಲಿ ನಿಂತಾಗ, ಒಂದು ಸುಳ್ಳುಸಾಕ್ಷಿ ಹೇಳಿದರೆ ಒಲೆ ಉರಿಯುವದೆಂದು ಮನಸ್ಸು ಹೇಳುವದು. ಪ್ರಿಯರೇ, ಆ ಹೊತ್ತಿನಲ್ಲಿ ಕ್ರಿಸ್ತನಲ್ಲಿ ನಮಗಿರುವ ಸ್ವಾಸ್ತ್ಯವನ್ನು ಮಾರದೆ, ನಮ್ಮ ಬರಿಗೈಗಳನ್ನು ಕರ್ತನ ಕಡೆಗೆ ಚಾಚೋಣ.

ಇನ್ನೊಂದು ಮಾತು. ಯಾಕೋಬನು ಹಸಿದ ಅಣ್ಣನ ಸಂಗಡ ವ್ಯಾಪಾರ ಮಾಡಿದನು. ಸಭೆಯಲ್ಲಿ ಹಾಗಾಗಬಾರದು. ಈ ವಾರ ಯಾರ ಮನೆಯ ಒಲೆ ಹೊಗೆಯಾಡಲಿಲ್ಲವೋ ವಿಚಾರಿಸಿ, ಕ್ರಯ ಕೇಳದೆ ಅವರಿಗೆ ಊಟ ಬಡಿಸೋಣ. ಆಮೆನ್.