ಸಂಭಾವನೆಯೂ ಪಂಚಕಾರಣಗಳೂ

ಸಂಭಾವನೆ ಎಂಬ ಮಾತು ಆಸ್ತಿಕರಿಗೆ ಹೊಸದಲ್ಲ. ವಾಕ್ಯಾರ್ಥಸಭೆಯ ಕೊನೆಯಲ್ಲಿ ವಿದ್ವಾಂಸರಿಗೆ ಸಲ್ಲುವುದೂ ಸಂಭಾವನೆಯೇ; ದೊಡ್ಡ ಕಂಪನಿಗಳ ಆಡಳಿತ ನಿರ್ದೇಶಕರು ಪಡೆಯುವುದೂ ಸಂಭಾವನೆಯೇ. ಆದರೆ ಎರಡನೆಯದಕ್ಕೆ ಒಂದು ಗುರಿಯುಂಟು. ಲಾಭ ಇಷ್ಟಾಗಬೇಕು, ಷೇರಿನ ಬೆಲೆ ಇಷ್ಟೇರಬೇಕು ಎಂದು ನಿರ್ದೇಶಕ ಮಂಡಳಿಯು ಮೊದಲೇ ಗೊತ್ತುಪಡಿಸುತ್ತದೆ. ಗುರಿ ಮುಟ್ಟಿದವನಿಗೆ ಸಂಬಳದ ಮೇಲೆ ಹೆಚ್ಚಿನ ಧನ. ಇಂತಹ ಗುರಿಯಲ್ಲಿ ನ್ಯಾಯವೆಂಬುದು ಯಾವುದು?

ಶ್ರೀಮದಾಚಾರ್ಯರು ಬೋಧಿಸಿದ ತಾರತಮ್ಯವನ್ನು ಇಲ್ಲಿ ಕೆಲವರು ಉದಾಹರಿಸುವುದುಂಟು. ಅದು ಯುಕ್ತವಲ್ಲ. ಆ ತಾರತಮ್ಯವು ಜೀವರ ಸ್ವರೂಪಯೋಗ್ಯತೆಗೆ ಸೇರಿದುದು. ಸಂಬಳದ ಪಟ್ಟಿಗೆ ಅದು ಪ್ರಮಾಣವಾಗಲಾರದು. ನಮಗೆ ಇಲ್ಲಿ ದಾರಿ ತೋರುವುದು ಗೀತೆಯ ಹದಿನೆಂಟನೆಯ ಅಧ್ಯಾಯ. ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂಬ ಐದು ಕಾರಣಗಳಿಂದ ಕರ್ಮವು ನಡೆಯುತ್ತದೆಂದೂ, ತಾನೊಬ್ಬನೇ ಕರ್ತೃವೆಂದು ತಿಳಿಯುವವನು ಸರಿಯಾಗಿ ಕಾಣನೆಂದೂ ಭಗವಂತನು ಅಲ್ಲಿ ಉಪದೇಶಿಸಿದ್ದಾನೆ.

2020ರಲ್ಲಿ ಮಹಾಮಾರಿಯು ಹಬ್ಬಿದಾಗ ಅಮೆರಿಕದ ಹಲವು ಕಂಪನಿಗಳ ಮಂಡಳಿಗಳು ತಾವೇ ಇಟ್ಟ ಗುರಿಗಳನ್ನು ನಡುವೆಯೇ ಸಡಿಲಿಸಿದವು. ವಿಪತ್ತು ಅಧಿಕಾರಿಯ ದೋಷವಲ್ಲವೆಂಬುದು ಅವುಗಳ ವಾದ. ವಾದವೇನೋ ಸರಿ, ದೈವವೂ ಒಂದು ಕಾರಣವೆಂದು ಒಪ್ಪಿದಂತಾಯಿತು. ಆದರೆ ದೈವವು ಅನುಕೂಲವಾದಾಗ ಏನಾಗುತ್ತದೆ? ಅಮೆರಿಕದ ತೈಲ ಕಂಪನಿಗಳನ್ನು ಪರಿಶೀಲಿಸಿ ಬರ್ಟ್ರಾಂಡ್ ಮತ್ತು ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲಿ ಪ್ರಕಟಿಸಿದ ಪ್ರಬಂಧವು, ಜಗತ್ತಿನ ಮಾರುಕಟ್ಟೆಯಲ್ಲಿ ತೈಲದ ಬೆಲೆ ಏರಿದೊಡನೆ ಮುಖ್ಯಾಧಿಕಾರಿಗಳ ಸಂಭಾವನೆಯೂ ಏರಿದುದನ್ನು ತೋರಿಸಿತು. ಬೆಲೆಯನ್ನು ಏರಿಸಿದವರು ಅವರಲ್ಲ. ನಷ್ಟವನ್ನು ದೈವಕ್ಕೊಪ್ಪಿಸಿ ಲಾಭವನ್ನು ತನ್ನದೆನ್ನುವುದು ಒಂದೇ ಅಂಗಡಿಯಲ್ಲಿ ಎರಡು ತಕ್ಕಡಿಯನ್ನಿಟ್ಟಂತೆ. ಅದೇ ವಿಪತ್ತಿನಲ್ಲಿ ಕೆಲಸ ಕಳೆದುಕೊಂಡ ಸಾಮಾನ್ಯ ನೌಕರನ ದೋಷವಾದರೂ ಏನಿತ್ತು?

ನಮ್ಮ ದೇಶದ 2013ರ ಕಂಪನಿ ಕಾಯಿದೆಯು, ಸಾರ್ವಜನಿಕ ಕಂಪನಿಯ ನಿರ್ದೇಶಕರು ಮತ್ತು ವ್ಯವಸ್ಥಾಪಕರ ಒಟ್ಟು ಸಂಭಾವನೆಗೆ ನಿವ್ವಳ ಲಾಭದ ಶೇಕಡಾ 11ರ ಮಿತಿಯನ್ನಿಟ್ಟು, ಅದನ್ನು ಮೀರಬೇಕಾದರೆ ಷೇರುದಾರರ ಸಭೆಯ ಸಮ್ಮತಿ ಬೇಕೆಂದಿದೆ. ಷೇರುಪೇಟೆಯಲ್ಲಿ ನಮೂದಾದ ಕಂಪನಿಗಳು ಪ್ರತಿಯೊಬ್ಬ ನಿರ್ದೇಶಕರ ಸಂಭಾವನೆಗೂ ನೌಕರರ ನಡುಮಟ್ಟದ ವೇತನಕ್ಕೂ ಇರುವ ಪ್ರಮಾಣವನ್ನು ಪ್ರಕಟಿಸಬೇಕು. ಇವು ಒಳ್ಳೆಯ ಬೇಲಿಗಳು. ಆದರೆ ಬೇಲಿಯು ಬೆಳೆಯನ್ನು ಕಾಯಬಲ್ಲುದೇ ಹೊರತು ಬೆಳೆಸಲಾರದು.

ಮಂಡಳಿಯಲ್ಲಿ ಕುಳಿತವರು ಗುರಿಯನ್ನಿಡುವಾಗಲೇ, ಇದರಲ್ಲಿ ಪುರುಷಪ್ರಯತ್ನವೆಷ್ಟು, ದೈವವೆಷ್ಟು ಎಂದು ವಿವೇಚಿಸಿ ಬರೆದಿಡಲಿ. ಲಾಭದಲ್ಲಿಯೂ ನಷ್ಟದಲ್ಲಿಯೂ ಅದೇ ಅಳತೆಯನ್ನು ಹಿಡಿಯಲಿ. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬ ಅನುಸಂಧಾನವು ದೇವರಕೋಣೆಯಲ್ಲಿ ಮಾತ್ರವಲ್ಲ, ಲೆಕ್ಕದ ಪುಸ್ತಕದ ಮುಂದೆಯೂ ಇರಬೇಕಾದುದು.

|| ಶ್ರೀಕೃಷ್ಣಾರ್ಪಣಮಸ್ತು ||